ಸೋತ ಮರುದಿನದ ಪಂಚನಾಮೆ

ಬ್ರೆಜಿಲ್ ಆಡುವಾಗ ನಾನು ಕಾಲ ಮೇಲೆ ಕಾಲು ಹಾಕಿಕೊಂಡು ಕೂತು ನೋಡಬಲ್ಲೆ. ಅರ್ಜೆಂಟೀನಾ ಸೋತರೂ ನನಗೆ ಊಟ ಸೇರುತ್ತದೆ. ಭಾರತ ಆಡುತ್ತಿದೆ ಎಂದರೆ ಮಾತ್ರ ಕೂತಲ್ಲಿ ಕೂರಲಾಗುವುದಿಲ್ಲ. ರಾಷ್ಟ್ರಗೀತೆಗೆ ಎದ್ದು ನಿಂತವನು ಆಟ ಮುಗಿಯುವವರೆಗೆ ಅಡ್ಡಾಡುತ್ತಲೇ ಇರುತ್ತೇನೆ. ಎದುರಾಳಿಗೆ ಕಾರ್ನರ್ ಸಿಕ್ಕಿತೋ, ಹೊರಗೆ ಹೋಗುತ್ತೇನೆ. ಒಳಗಿನವರು ಯಾರೂ ಹಣೆ ಚಚ್ಚಿಕೊಳ್ಳದಿದ್ದರೆ ವಾಪಸು ಬರುತ್ತೇನೆ. ಮನೆಯಲ್ಲಿ ನೋಡಿದರೆ ಪಡಸಾಲೆಯಿಂದ ಅಡುಗೆಮನೆಗೆ, ಅಲ್ಲಿಂದ ಹಿತ್ತಲಿಗೆ.

"ಅಲ್ಲಿ ಹನ್ನೊಂದ ಮಂದಿ ಓಡಾಕತ್ತಾರ, ಸರಿ. ನೀವ್ಯಾಕ ಓಡಾಕತ್ತೀರಿ?" ಎಂದು ಹೆಂಡತಿ ಕೇಳುತ್ತಾಳೆ.

"ಅವರು ಓಡವಲ್ರು, ಅದಕ್ಕ" ಎನ್ನುತ್ತೇನೆ.

ಹುಬ್ಬಳ್ಳಿಯಲ್ಲಿ ಫುಟ್ಬಾಲ್ ನೋಡುವವರಿಗೇನೂ ಬರವಿಲ್ಲ. ವಿಶ್ವಕಪ್ ಬಂದಾಗ ಓಣಿ ಓಣಿಗೆ ಅರ್ಜೆಂಟೀನಾದ ಬಾವುಟ ಹಾರುತ್ತದೆ, ಕಿರಾಣಿ ಅಂಗಡಿಯವನೂ ಪೋರ್ಚುಗಲ್ ಬಗ್ಗೆ ಒಂದು ಮಾತು ಹೇಳುತ್ತಾನೆ. ಆದರೆ 2024ರ ಜನವರಿಯಲ್ಲಿ ಏಷ್ಯಾ ಕಪ್ ಶುರುವಾಯಿತು, ಅದರಲ್ಲಿ ನಮ್ಮದೇ ದೇಶ ಆಡುತ್ತಿದೆ ಎಂದು ಗೊತ್ತಿದ್ದವರೆಲ್ಲ ಸೇರಿದರೆ ಒಂದು ಟಂಟಂ ರಿಕ್ಷಾ ತುಂಬುತ್ತಿತ್ತೋ ಇಲ್ಲವೋ. ನಮ್ಮ ಗುಂಪಿನಲ್ಲಿ ನಾಲ್ಕೇ ಮಂದಿ. ನಾವು ಸೇರುತ್ತಿದ್ದದ್ದು ಹಳೇ ಹುಬ್ಬಳ್ಳಿಯಲ್ಲಿರುವ ನನ್ನ ಗೆಳೆಯನ ಲೇಥ್ ಅಂಗಡಿಯಲ್ಲಿ.

ಗೆಳೆಯ ಎಂಜಿನ್ ಬೋರಿಂಗ್ ಮಾಡುವ ಮಿಸ್ತ್ರಿ. ಲಾರಿ, ಟ್ರ್ಯಾಕ್ಟರ್‌ಗಳ ಸವೆದ ಎಂಜಿನ್ನು ಬಿಚ್ಚಿ ತಂದು ಹಾಕಿದರೆ ಸಿಲಿಂಡರ್ ಕೊರೆದು, ಹೊಸ ಪಿಸ್ಟನ್ ಕೂರಿಸಿ ಕೊಡುತ್ತಾನೆ. ಅವನಪ್ಪ ಅದೇ ಅಂಗಡಿಯಲ್ಲಿ ಅದೇ ಕೆಲಸ ಮಾಡುತ್ತ, ಸಂಜೆಯಾದರೆ ನಮಾಜು ಮುಗಿಸಿ ರೈಲ್ವೆಯವರ ಮೈದಾನದ ಪಂದ್ಯಗಳಿಗೆ ಮಗನನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರಂತೆ. ಹುಚ್ಚು ಹತ್ತಿದ್ದು ಹಾಗೆ. ನಾನು ಹತ್ತಿ ವ್ಯಾಪಾರಸ್ಥರ ಮನೆಯವನು, ಹಣೆಗೆ ವಿಭೂತಿ ಹಚ್ಚದೆ ಹೊಸ್ತಿಲು ದಾಟಿದವನಲ್ಲ. ನಮ್ಮಿಬ್ಬರನ್ನೂ ಕೂಡಿಸಿದ್ದು ಕಾಲೇಜಿನ ಮೈದಾನ. ಅವನು ಎಡಗಡೆಯ ಗೆರೆಗುಂಟ ಗಾಳಿಯ ಹಾಗೆ ಓಡುತ್ತಿದ್ದ. ನನಗೆ ಓಡಲು ಬರುವುದಿಲ್ಲವೆಂದು ಗೋಲಿನಲ್ಲಿ ನಿಲ್ಲಿಸಿದ್ದರು. ಅವನು ನನ್ನನ್ನು ಈಗಲೂ ಸಾವಕಾರ ಎಂದೇ ಕರೆಯುತ್ತಾನೆ, ಅದು ಮರ್ಯಾದೆಗೆ ಅಂತ ಯಾರೂ ತಿಳಿಯಬಾರದು. ಇವನು ಬಂಡವಾಳ ಕಾಯುವ ಜಾತಿಯವನು, ಚೆಂಡು ಕಂಡರೆ ತಿಜೋರಿಯಲ್ಲಿಟ್ಟು ಬೀಗ ಹಾಕುತ್ತಾನೆ ಎಂಬ ಅರ್ಥದಲ್ಲಿ.

ಮೂರನೆಯವರು ಮಾಸ್ತರರು. ಉಪ್ಪಿನಬೆಟಗೇರಿಯ ಕಡೆಯ ಸಾಲೆಯಲ್ಲಿ ಆಟ ಕಲಿಸಿ ನಿವೃತ್ತರಾದವರು, ಮ್ಯಾಚಿದ್ದ ದಿನ ಬಸ್ಸು ಹಿಡಿದು ಬರುತ್ತಿದ್ದರು. ಯಾರನ್ನೂ ಬೈಯಲಾಗದ ಮನುಷ್ಯ. ನಾಲ್ಕನೆಯವನು ಹೊಸಬ, ನವನಗರದಲ್ಲಿ ಮನೆ, ವಿಮೆ ಮಾಡಿಸುವ ಕೆಲಸ. ಹಿಂದಿನ ವಿಶ್ವಕಪ್ ಹೊತ್ತಿಗೆ ತನ್ನ ಗಾಡಿಯ ಎಂಜಿನ್ ರಿಪೇರಿಗೆ ಬಂದವನು ಚಹಾ ಕುಡಿದು, ವಾದ ಕೇಳಿ, ಅಲ್ಲೇ ಉಳಿದ. ಬರುವಾಗ ಯಾವತ್ತೂ ಕೈಬೀಸಿಕೊಂಡು ಬಂದವನಲ್ಲ. ಗಿರ್ಮಿಟ್ಟೋ, ಮಿರ್ಚಿಯೋ, ಬಿಸಿಬಿಸಿ ಪೊಟ್ಟಣ ಇರಲೇಬೇಕು. ನಗುಮುಖದ ಹುಡುಗ, ಗೆಳೆಯನನ್ನು ಚಾಚಾ ಎನ್ನುತ್ತಿದ್ದ. ಹುಡುಗ ಅಂದರೆ ನಲವತ್ತರ ಹತ್ತಿರದವನು, ನಮ್ಮ ನಡುವೆ ಹುಡುಗ.

ಅಂಗಡಿಗೆ ಒಂದು ಪದ್ಧತಿ ಇತ್ತು, ಗೆಳೆಯನೇ ಹಾಕಿದ್ದು. ಮ್ಯಾಚ್ ನೋಡುವಾಗ ವಾದ ಮಾಡುವಂತಿಲ್ಲ, ಕಿರುಚಬಹುದು ಅಷ್ಟೆ. ವಾದವೆಲ್ಲ ಮರುದಿನ ಸಂಜೆ, ಲೇಥ್ ನಿಂತ ಮೇಲೆ. ಅದಕ್ಕೆ ಅವನು ಪಂಚನಾಮೆ ಎಂದು ಹೆಸರಿಟ್ಟಿದ್ದ. ಕೆಲಸದ ಬೆಂಚಿನ ಮೇಲೆ ಒಂದು ತಗಡು ಹಾಸಿ, ಚಾಕ್‌ಪೀಸಿನಿಂದ ಮೈದಾನ ಬರೆಯುತ್ತಿದ್ದ. ನಮ್ಮವರು ನಟ್ಟು, ಎದುರಿನವರು ವಾಷರ್, ಚೆಂಡಿನ ಬದಲು ಬೇರಿಂಗಿನ ಒಂದು ಉಕ್ಕಿನ ಗುಂಡು. ಸತ್ತ ಮ್ಯಾಚನ್ನು ಮತ್ತೆ ಎಬ್ಬಿಸಿ ಕೂರಿಸಿ, ಎಲ್ಲಿ ಕೆಟ್ಟಿತು ಎಂದು ನಟ್ಟು ಸರಿಸಿ ಸರಿಸಿ ತೋರಿಸುತ್ತಿದ್ದ. ಪಂಚನಾಮೆಯಲ್ಲಿ ಸಮಾಧಾನದ ಮಾತಿಗೆ ಜಾಗವಿರಲಿಲ್ಲ. ಮಾಸ್ತರರು ಒಮ್ಮೆ "ಪಾಪ, ಹುಡುಗ್ರು" ಎಂದದ್ದಕ್ಕೆ, "ಸರ, ಸಮಾಧಾನ ಹೇಳಾಕ ಅವರ ಮನಿಯಾಗ ಅವ್ವ ಅದಾಳ. ನಾವು ಇಲ್ಲಿ ಕುಂತಿದ್ದು ಬೈಯಾಕ" ಎಂದು ಬಾಯಿ ಮುಚ್ಚಿಸಿದ್ದ.

ಬೈಯುವುದರಲ್ಲಿ ಅವನನ್ನು ಮೀರಿಸುವವರು ಈ ಅವಳಿ ಊರಿನಲ್ಲಿ ಇದ್ದಾರೆಂದು ನಾನು ನಂಬುವುದಿಲ್ಲ. ಹೊಲಸು ಮಾತು ಒಂದೂ ಇರುತ್ತಿರಲಿಲ್ಲ. ಎಲ್ಲವೂ ಎಂಜಿನ್ನಿನ ಭಾಷೆ. "ಪಿಸ್ಟನ್ ಹೊಸಾದು, ರಿಂಗ್ ಹಳೇವು. ಹೊಗಿ ಬರಲಾರದ ಏನ್ ಮಾಡತೈತಿ?" ಎನ್ನುವನು. ಮುಂದೆ ಆಡುವವರು ಚುರುಕಾಗಿದ್ದಾರೆ, ಅವರಿಗೆ ಚೆಂಡು ತಲುಪಿಸುವವರಿಲ್ಲ ಎಂದು ಅದರ ಅರ್ಥ. ಬೈಯುವಾಗ ಅವನ ಕಣ್ಣು ಹೊಳೆಯುತ್ತಿತ್ತು, ಕಿವಿಯವರೆಗೂ ಕೆಂಪಾಗುತ್ತಿತ್ತು. ಭಾರತ ಸೋತ ಮರುದಿನವಂತೂ ನಾನು ನಮ್ಮ ಹತ್ತಿ ಅಂಗಡಿಯಲ್ಲಿ ತಕ್ಕಡಿಯ ಮುಂದೆ ನಿಂತಿದ್ದರೂ ಮನಸ್ಸು ಅಲ್ಲಿರುತ್ತಿರಲಿಲ್ಲ. ಯಾವಾಗ ಸಂಜೆಯಾದೀತು, ಯಾವಾಗ ಅವನ ಬಾಯಿಂದ ಅದನ್ನೆಲ್ಲ ಕೇಳಿ ನನ್ನ ಹೊಟ್ಟೆ ತಣ್ಣಗಾದೀತು ಎಂದು ಕಾಯುತ್ತಿದ್ದೆ. ನನಗೆ ಬೈಯಲು ಬರುವುದಿಲ್ಲ, ಸಿಟ್ಟು ಮಾತ್ರ ಬರುತ್ತದೆ. ನನ್ನ ಸಿಟ್ಟಿಗೆ ಮಾತು ಕೊಡುತ್ತಿದ್ದವನು ಅವನು.

ನಮ್ಮವರಿಗೆ ಮೂರು ಮ್ಯಾಚು: ಆಸ್ಟ್ರೇಲಿಯಾ, ಉಜ್ಬೇಕಿಸ್ತಾನ, ಕಡೆಗೆ ಸಿರಿಯಾ. ಮೊದಲನೆಯದು ಆಸ್ಟ್ರೇಲಿಯಾದ ಎದುರು, ಸಂಜೆ ಐದಕ್ಕೆ. ಅರ್ಧ ಆಟದವರೆಗೆ ಒಂದು ಗೋಲೂ ಬಿಡಲಿಲ್ಲ ನಮ್ಮವರು. ನಾನು ಅಂಗಡಿಯ ಮುಂದಿನ ರಸ್ತೆಯಲ್ಲಿ ಎಷ್ಟು ಅಡ್ಡಾಡಿದೆನೆಂದರೆ, ಎದುರಿನ ಚಹಾದಂಗಡಿಯವನು ಏನಾದರೂ ಕಳಕೊಂಡಿರೇನು ಎಂದು ಕೇಳಿದ. ವಿರಾಮದಲ್ಲಿ ಮಾಸ್ತರರು ದೇವರಿಗೆ ಕೈ ಮುಗಿದರು. "ಇಷ್ಟ ಸಾಕು, ಹಿಂಗ ಹಿಡದ ಇಟ್ಟರ ಡ್ರಾ ಆಕ್ಕೈತಿ" ಎಂದು ನಾನು ಅಂದೆ. ಗೆಳೆಯ ನನ್ನ ಚಪ್ಪಲಿಗಳನ್ನು ಎತ್ತಿ ಬಾಗಿಲಾಚೆ ಒಗೆದ. ಡ್ರಾ ಎಂಬ ಮಾತು ಅವನ ಮುಂದೆ ಆಡಿದ ತಪ್ಪಿಗೆ. ಆಮೇಲೆ ಎರಡು ಗೋಲು ತಿಂದೆವು.

ಮರುದಿನದ ಪಂಚನಾಮೆ ಭರ್ಜರಿಯಾಯಿತು. ಅವನು ನಟ್ಟುಗಳನ್ನೆಲ್ಲ ಗೋಲಿನ ಮುಂದೆ ಗುಡ್ಡೆ ಹಾಕಿದ. "ಇದು ಆಟ ಅಲ್ಲ, ರೇಷನ್ ಅಂಗಡಿ ಪಾಳಿ" ಎಂದ. ಹೊಸಬ ನಕ್ಕು ನಕ್ಕು ಗಿರ್ಮಿಟ್ಟು ನೆತ್ತಿಗೇರಿಸಿಕೊಂಡ. ಮಾಸ್ತರರು ಅವನ ಬೆನ್ನು ತಟ್ಟುತ್ತ, ಆಸ್ಟ್ರೇಲಿಯಾದವರ ಎತ್ತರ ನೋಡಿರಲ್ಲ ಎಂದು ಮೆಲ್ಲಗೆ ನಮ್ಮವರ ಪರ ಒಂದು ಮಾತು ತೆಗೆದರು. "ಎತ್ತರ ಇದ್ದವರ ಜೋಡಿ ನೆಲದ ಮ್ಯಾಲ ಆಡಬೇಕ್ರಿ ಸರ. ಇವರು ಚೆಂಡನ್ನ ಮೋಡಕ್ಕ ಒದ್ದು ಅವರ ತಲಿ ಮ್ಯಾಲ ಇಟ್ಟ ಬಂದ್ರು" ಎಂದು ಗೆಳೆಯ ಅದನ್ನೂ ಕತ್ತರಿಸಿದ. ಅಂದು ಮನೆಗೆ ಹೋಗಿ ಹೊಟ್ಟೆತುಂಬ ಉಂಡೆ.

ಎರಡನೆಯ ಮ್ಯಾಚು ಉಜ್ಬೇಕಿಸ್ತಾನದ ಎದುರು. ಅಂಗಡಿಯ ಟೀವಿಗೆ ಮೊಬೈಲಿನ ಇಂಟರ್ನೆಟ್ಟೇ ಆಧಾರ, ಹೀಗಾಗಿ ಚಿತ್ರ ಸ್ವಲ್ಪ ತಡವಾಗಿ ಬರುತ್ತಿತ್ತು. ಹೊಸಬನ ಕೈಯಲ್ಲಿನ ಫೋನು ಮಾತ್ರ ಗೋಲಾದ ಕೂಡಲೇ ಟಿಂಗ್ ಎನ್ನುತ್ತಿತ್ತು. ಟೀವಿಯಲ್ಲಿ ಚೆಂಡು ಇನ್ನೂ ಮೈದಾನದ ನಡುವೆ ಇರುವಾಗಲೇ ಅವನು "ಹೋತರಿ" ಎನ್ನುವನು. ಹೋದ ಜೀವ ಇನ್ನೊಮ್ಮೆ ಹೋಗುವುದನ್ನು ನಾವು ನೋಡಬೇಕು. ಆಟ ಶುರುವಾದ ತುಸುವಿಗೇ ಒಂದು ಟಿಂಗ್. ಮತ್ತೊಂದು. ವಿರಾಮಕ್ಕೆ ಮುಂಚೆ ಇನ್ನೊಂದು. "ಆ ಫೋನ್ ಒಲಿಯಾಗ ಹಾಕ್ರಿ" ಎಂದು ನಾನು ಕೂಗಿದೆ. ಅವನು ಗಾಬರಿಯಾಗಿ ಕಿಸೆಗೆ ಹಾಕಿಕೊಂಡ. ಉಳಿದರ್ಧದಲ್ಲಿ ಇನ್ನು ಗೋಲಾಗಲಿಲ್ಲ, ಆದರೆ ನನ್ನ ಕಿವಿಯೆಲ್ಲ ಅವನ ಕಿಸೆಯ ಮೇಲೇ ಇತ್ತು.

ಮರುದಿನ ಸಂಜೆ ನಾವೆಲ್ಲ ಹಸಿದವರಂತೆ ಬೆಂಚಿನ ಸುತ್ತ ನಿಂತೆವು. ಗೆಳೆಯ ಕೈಗಂಟಿದ ಆಯಿಲ್ಲನ್ನು ಬಟ್ಟೆಗೊರೆಸಿ, ತಗಡು ಹಾಸಿ, ಈ ಸಲ ವಾಷರ್‌ಗಳನ್ನು ಮೊದಲು ಜೋಡಿಸಿದ.

"ಇವರ್ನ ನೋಡ್ರಿ" ಎಂದ, ಉಜ್ಬೇಕರ ವಾಷರ್ ಒಂದನ್ನು ಬೆರಳಿಂದ ತಳ್ಳುತ್ತ. "ಚೆಂಡು ಕೊಟ್ಟ ನಿಂದ್ರೂದಿಲ್ಲ, ಕೊಟ್ಟ ಓಡತಾನ. ಇಂವಾ ಓಡಿದ ಅಂತ ಅಂವಾ ಅಲ್ಲಿಗೆ ಬರತಾನ. ಸಣ್ಣ ದೇಶ. ಕೆಲಸ ಎಷ್ಟ ಸ್ವಚ್ಛ ನೋಡ್ರಿ. ನಮ್ಮವರು? ಚೆಂಡು ಕೊಟ್ಟು, ರಸೀದಿ ಬರತೈತೇನೋ ಅಂತ ಅಲ್ಲೇ ಕಾಯಕೋತ ನಿಂದರತಾರ. ಇಷ್ಟು ದೊಡ್ಡ ದೇಶಕ್ಕ ಹನ್ನೊಂದ ಮಂದಿ ಓಡೋರು ಸಿಗಲಿಲ್ಲ? ನಾಚಿಕಿ ಬರಬೇಕು. ಇಂಥಾ ಎಂಜಿನ್ ನನ್ನ ಹತ್ರ ತಂದ್ರ ನಾ ಕೈ ಹಚ್ಚೂದಿಲ್ಲ, ಗುಜರಿ ಮೋಡಕಾದಾಗ ಹಾಕ್ರಿ ಅಂತೇನಿ."

ನನಗೆ ಹಾಯೆನಿಸಿತು. ಹೌದೆಂದು ಬೆಂಚು ಗುದ್ದಿದೆ. ಆಗಲೇ ಹೊಸಬ, ಬಾಯಲ್ಲಿ ಅರ್ಧ ಮಿರ್ಚಿ ಇಟ್ಟುಕೊಂಡು, ಎಂದಿನ ನಗೆಯಲ್ಲೇ ಹೇಳಿದ:

"ಚಾಚಾ, ನಿಮ್ಮ ಮಾತ ಕೇಳಿದ್ರ, ಮುಂದಿನ ಮ್ಯಾಚಿಗೆ ನೀವು ಸಿರಿಯಾದವರ ಕಡೆ ಕುಂದರೂ ಹಂಗ ಕಾಣತೈತಿ."

ಹೇಳಿದವನು ಉಳಿದರ್ಧ ಮಿರ್ಚಿ ತಿಂದ. ಗೆಳೆಯನ ಬೆರಳು ವಾಷರಿನ ಮೇಲೆ ಹಾಗೇ ನಿಂತಿತು. ಅವನೂ ನಕ್ಕ, ಆದರೆ ತಡವಾಗಿ. ಮಾಸ್ತರರು ಚಹಾದ ಲೋಟದೊಳಗೆ ನೋಡತೊಡಗಿದರು.

ನನ್ನ ಸಿಟ್ಟು ನೆತ್ತಿಗೇರಿತು. "ಇವನ ಬಗ್ಗೆ ಏನ್ ಗೊತ್ತೈತಿ ನಿಮಗ?" ಎಂದು ಶುರು ಮಾಡಿದವನು ನಿಲ್ಲಿಸಲೇ ಇಲ್ಲ. "ನಮ್ಮೆಲ್ಲಾರಕಿಂತ ದೊಡ್ಡ ದೇಶಭಕ್ತ ಇಂವಾ! ಭಾರತ ಸೋತ್ರ ಊಟ ಬಿಡತಾನ! ಸ್ವಾತಂತ್ರ್ಯ ದಿನ ಈ ಅಂಗಡಿ ಮುಂದ ಬಾವುಟ ಏರಸಾವಾ ಯಾರು? ಇವರಪ್ಪ ರೈಲ್ವೆ ಮೈದಾನದಾಗ..." ಹೀಗೆ ಬಾಯಿಗೆ ಬಂದದ್ದೆಲ್ಲ. ಹೊಸಬನ ಮುಖ ಬಿಳಿಚಿಕೊಂಡಿತು. "ನಾ ಚ್ಯಾಷ್ಟಿ ಮಾಡಿದ್ನಿರಿ" ಎಂದ. ಅವನು ಹಾಗೆಂದ ಮೇಲೂ ನಾನು ಇನ್ನೆರಡು ಪುರಾವೆ ಕೊಟ್ಟೆ.

"ಸಾಕ ಬಿಡು" ಎಂದ ಗೆಳೆಯ. ನಟ್ಟು, ವಾಷರ್ ಎಲ್ಲವನ್ನೂ ಅಂಗೈಯಿಂದ ಸವರಿ ಡಬ್ಬಿಗೆ ತುಂಬಿದ. "ಚಹಾ ಆರಾಕತ್ತೈತಿ, ಕುಡೀರಿ ಎಲ್ಲಾರು."

ಉಳಿದಿಬ್ಬರು ಹೋದ ಮೇಲೆ ಶಟರ್ ಎಳೆಯುತ್ತ, ನನ್ನ ಕಡೆ ನೋಡದೆ ಕೇಳಿದ: "ನೀ ಯಾಕ ಸಾಕ್ಷಿ ಹೇಳಾಕ ಹೋದಿ? ನನ್ನ ಮ್ಯಾಲ ಕೇಸ್ ಇತ್ತೇನು?"

ನನಗೂ ರೇಗಿತು. ಪರವಾಗಿ ಮಾತಾಡಿದವನಿಗೇ ಈ ಬಹುಮಾನವೇ ಎಂದು ಗಾಡಿ ಒದ್ದು ಹೊರಟೆ. ಗೋಪನಕೊಪ್ಪದ ಮನೆ ಮುಟ್ಟುವ ಹೊತ್ತಿಗೆ ಅವನ ಪ್ರಶ್ನೆ ಮತ್ತೆ ಎದುರಿಗೆ ಬಂದು ನಿಂತಿತು. ಮೂವತ್ತು ವರ್ಷದಿಂದ ನಾನು ಅವನಿಗಿಂತ ಕೆಟ್ಟದಾಗಿ ಈ ತಂಡವನ್ನು ಶಪಿಸಿದ್ದೇನೆ. ಟೀವಿಯ ಕಡೆ ಚಪ್ಪಲಿ ತೋರಿಸಿದ್ದೇನೆ, ಇವರನ್ನು ಕಳಿಸಿದ ವಿಮಾನದ ಎಣ್ಣೆ ದಂಡ ಎಂದಿದ್ದೇನೆ. ನೀನು ಯಾರ ಕಡೆ ಎಂದು ನನ್ನನ್ನು ಒಬ್ಬರೂ, ಚೇಷ್ಟೆಗೂ, ಕೇಳಿಲ್ಲ. ನನ್ನ ಪರವಾಗಿ ಸಾಕ್ಷಿ ಹೇಳುವ ಪ್ರಸಂಗ ಯಾವ ಗೆಳೆಯನಿಗೂ ಬಂದಿಲ್ಲ. ಅನ್ನ ಕಲಸಿಕೊಂಡು ಕೂತೇ ಇದ್ದೆ. "ಇವತ್ತ ಮ್ಯಾಚ್ ಇಲ್ಲಲ್ಲಾ, ಮತ್ತ್ಯಾಕ ಹಿಂಗ?" ಎಂದಳು ಹೆಂಡತಿ.

ಮುಂದಿನ ಮ್ಯಾಚಿಗೆ ಇನ್ನೂ ದಿನಗಳಿದ್ದವು, ಆ ದಿನಗಳು ಸರಿಯಲೊಲ್ಲವು. ಹತ್ತಿಯ ಬೆಲೆ ಕೇಳಿಕೊಂಡು ಬಂದವರಿಗೆ ಏನೋ ಹೇಳಿ ಕಳಿಸುತ್ತಿದ್ದೆ. ಕೆಲಸವಿಲ್ಲದಿದ್ದರೂ ಗಾಡಿ ತೆಗೆದು ಹಳೇ ಹುಬ್ಬಳ್ಳಿಯ ಕಡೆ ಹೋಗಿ, ಲೇಥ್ ಅಂಗಡಿಯ ಮುಂದೆ ಹಾಯ್ದು, ಮುಂದಿನ ತಿರುವಿನಲ್ಲಿ ತಿರುಗಿಸಿ, ಮತ್ತೆ ಹಾಯುತ್ತಿದ್ದೆ. ಆ ರಸ್ತೆಯ ಧೂಳೆಲ್ಲ ನನ್ನ ಮೈಮೇಲೆ. ಒಮ್ಮೆ ಒಳಗೆ ಹೋದೆ. ಗೆಳೆಯ ಯಾವುದೋ ಟ್ರ್ಯಾಕ್ಟರಿನ ಸಿಲಿಂಡರ್ ಮೇಲೆ ಬಗ್ಗಿದ್ದ.

"ಉಜ್ಬೇಕಿಸ್ತಾನದ್ದು ಪಂಚನಾಮಾ ಅರ್ಧಕ್ಕ ನಿಂತೈತಿ" ಎಂದೆ.

"ಕೆಲಸ ಭಾಳ ಐತಿ ಸಾವಕಾರ. ಸೋತದ್ದು ಸೋತ್ರು, ಏನೈತಿ ಅದರಾಗ ಮಾತಾಡೂದು" ಎಂದ.

ಅದರೊಳಗೆ ಮಾತಾಡುವುದು ಏನಿದೆ? ಈ ಮಾತನ್ನು ಬೇರೆ ಯಾರಾದರೂ ಅಂದಿದ್ದರೆ ಇವನು ಅಂಗಡಿಯಿಂದ ಹೊರಗೆ ಹಾಕುತ್ತಿದ್ದ. ನನಗೆ ನಿಲ್ಲಲಾಗಲಿಲ್ಲ. ಅಲ್ಲಿಂದ ಸೀದಾ ನವನಗರಕ್ಕೆ ಹೋದೆ, ಹೊಸಬನ ಮನೆಗೆ, ಜಗಳಕ್ಕೆಂದೇ.

ಜಗಳಕ್ಕೆ ಹೋದವನಿಗೆ ಅವನ ಹೆಂಡತಿ ಅವಲಕ್ಕಿ ಕೊಟ್ಟಳು. ಅವನು ನನ್ನ ಎದುರಿಗೆ ಕೂತು, ಖರೇ ಹೇಳುತ್ತೇನೆ, ಕಣ್ಣಲ್ಲಿ ನೀರು ತಂದುಕೊಂಡ. "ಚಾಚಾ ಅಂದ್ರ ನನಗ ನಮ್ಮಪ್ಪನಕಿಂತ ಹೆಚ್ಚರಿ. ಹಂಗ ಬಾಯಿಗೆ ಬಂದ್ಬಿಟ್ಟಿತು. ನಾ ಮನಸಿನಾಗ ಏನೂ ಇಟಗೊಂಡ ಹೇಳಿಲ್ಲ. ನಾ ಎಲ್ಲಾ ಸರಿ ಮಾಡತೇನಿ, ನೀವ ನೋಡ್ರಿ." ಇಂಥವನ ಜೊತೆ ಹೇಗೆ ಜಗಳ ಮಾಡುವುದು? ಕೆಟ್ಟವನಾಗಿದ್ದರೆ ಎಷ್ಟು ಅನುಕೂಲವಾಗುತ್ತಿತ್ತು. ಅವಲಕ್ಕಿ ತಿಂದು ಬಂದೆ.

ಮೂರನೆಯ ಮ್ಯಾಚಿನ ದಿನ ನಾನು ಸಂಜೆಗೆ ಮುಂಚೆಯೇ ಅಂಗಡಿ ಮುಟ್ಟಿದೆ. ಗೆಳೆಯ ಟೀವಿ ಹಚ್ಚಿ, ಕುರ್ಚಿಗಳನ್ನು ಜೋಡಿಸಿ ಇಟ್ಟಿದ್ದ. ಮೊದಲಿನ ಹಾಗೇ ನನ್ನ ಹೊಟ್ಟೆಯನ್ನು ಚುಚ್ಚಿ, "ನಿನಗ ಕುರ್ಚಿ ಹಾಕೂದು ದಂಡ" ಎಂದ. ನನ್ನ ಎದೆ ಹಗುರಾಯಿತು. ಎಲ್ಲ ಸರಿಹೋಯಿತು, ಇಂದು ಸೋತರೆ ನಾಳೆ ಬೈಯುತ್ತಾನೆ ಎಂದುಕೊಂಡೆ. ಸೋಲುವುದರ ಬಗ್ಗೆ ನನಗೆ ಅನುಮಾನವೇನೂ ಇರಲಿಲ್ಲ.

ಹೊಸಬ ಬಂದದ್ದು ಆಮೇಲೆ. ಕೈಯಲ್ಲಿ ಮಿರ್ಚಿಯ ಪೊಟ್ಟಣವಲ್ಲದೆ ಇನ್ನೊಂದು ಹೊಳೆಯುವ ಚೀಲ. ಅದರೊಳಗಿಂದ ನೀಲಿ ಜರ್ಸಿ ತೆಗೆದ, ಭಾರತ ತಂಡದ್ದು, ಬೆನ್ನ ಮೇಲೆ ದೊಡ್ಡಕ್ಷರದಲ್ಲಿ ದೇಶದ ಹೆಸರು. ಎರಡೂ ಕೈಯಲ್ಲಿ ಹಿಡಿದು, ಬಗ್ಗಿ, ಮದುವೆಯಲ್ಲಿ ಆಯೇರಿ ಕೊಡುವ ಹಾಗೆ ಗೆಳೆಯನ ಮುಂದೆ ಹಿಡಿದ.

"ಚಾಚಾ, ನಿಮ್ಮ ಸಲುವಾಗಿ. ಅವತ್ತಿಂದು ಮರತಬಿಡ್ರಿ."

ಮಾಸ್ತರರು "ಭಾಳ ಛಲೋ ಕೆಲಸ" ಎಂದು ಚಪ್ಪಾಳೆ ತಟ್ಟಿದರು. ಗೆಳೆಯ ಜರ್ಸಿಯನ್ನು ನೋಡಿದ, ಕೊಟ್ಟವನ ಮುಖ ನೋಡಿದ. ಆ ಮುಖದಲ್ಲಿ ಪ್ರೀತಿಯಲ್ಲದೆ ಬೇರೇನೂ ಇರಲಿಲ್ಲ, ಅದೇ ತೊಂದರೆ.

"ನಮಗ ತರಲಿಲ್ಲೇನ್ರಿ?" ಎಂದು ನಾನು ಕೇಳಿದೆ. ವಾತಾವರಣ ತಿಳಿಯಾಗಲಿ ಎಂದಷ್ಟೇ ಕೇಳಿದ್ದು.

"ನಿಮಗ್ಯಾಕ ಬೇಕ್ರಿ ಸಾವಕಾರ?" ಎಂದ ಹೊಸಬ, ಸಹಜವಾಗಿ.

ಗೆಳೆಯ ಕೈ ತೊಳೆದುಕೊಂಡು ಬಂದು, ಅಂಗಿಯ ಮೇಲೇ ಜರ್ಸಿ ತೊಟ್ಟ. ಚೀಲದೊಳಗೆ ಮಡಿಚಿಟ್ಟ ಗೆರೆಗಳು ಇನ್ನೂ ಎದೆಯ ಮೇಲಿದ್ದವು. ಹೊಸಬ ಅವನ ಪಕ್ಕ ನಿಂತು ಫೋಟೋ ತೆಗೆಸಿಕೊಂಡ. ತೆಗೆದವನು ನಾನೇ.

ಆಟ ಹೇಗಿತ್ತೆಂದು ನನ್ನನ್ನು ಕೇಳಬೇಡಿ. ಅಂದು ನಾನು ಟೀವಿ ನೋಡಲಿಲ್ಲ, ಅವನನ್ನು ನೋಡಿದೆ. ಮ್ಯಾಚ್ ನೋಡುವಾಗ ಅವನು ಯಾವಾಗಲೂ ಮುಂದಕ್ಕೆ ಬಾಗಿ, ಮೊಣಕೈ ಮೊಣಕಾಲಿಗೆ ಊರಿ, ಕಾಲಲ್ಲಿ ಇಲ್ಲದ ಚೆಂಡನ್ನು ಒದೆಯುತ್ತ ಕೂರುವವನು. ಅಂದು ಕುರ್ಚಿಗೆ ಬೆನ್ನು ಆನಿಸಿ ನೆಟ್ಟಗೆ ಕೂತಿದ್ದ. ನಮ್ಮವರು ಒಂದು ಪಾಸ್ ಕೊಟ್ಟರೂ ಚಪ್ಪಾಳೆ. ಚೆಂಡು ಹೊರಗೆ ಹೋದರೂ ಚಪ್ಪಾಳೆ. ಗೋಲಿನ ಮೇಲಿಂದ ಎಷ್ಟೋ ಎತ್ತರಕ್ಕೆ ಒದ್ದಾಗ "ಶಾಬಾಷ್" ಎಂದ. ನನಗೆ ಹೊರಗೆ ಹೋಗಬೇಕೆನಿಸುತ್ತಿತ್ತು, ಹೋದರೆ ಅವನನ್ನು ಅಲ್ಲಿ ಒಂಟಿಯಾಗಿ ಬಿಟ್ಟಂತಾಗುತ್ತದೆ ಎಂದು ಬಾಗಿಲ ಹತ್ತಿರವೇ ಕಾಲು ಬದಲಿಸುತ್ತ ನಿಂತೆ. ಹೊಸಬ ನಡುನಡುವೆ ಅವನ ತೊಡೆ ತಟ್ಟುತ್ತಿದ್ದ. ಆಟ ಮುಗಿಯುತ್ತ ಬಂದಾಗ ಸಿರಿಯಾ ಒಂದು ಗೋಲು ಹೊಡೆಯಿತು. ಆಗ ಎಲ್ಲರೂ, ನಾನೂ ಸೇರಿ, ಟೀವಿ ಬಿಟ್ಟು ಗೆಳೆಯನ ಮುಖ ನೋಡಿದೆವು. ಅವನಿಗದು ತಿಳಿಯಿತು. ಅವನು ತಲೆಯ ಮೇಲೆ ಎರಡೂ ಕೈ ಇಟ್ಟುಕೊಂಡ, ಎಲ್ಲರಿಗೂ ಕಾಣುವ ಹಾಗೆ.

ಮೂರೂ ಮ್ಯಾಚು ಸೋತು, ಒಂದೂ ಗೋಲು ಹೊಡೆಯದೆ, ನಮ್ಮ ತಂಡ ವಾಪಸು ಹೊರಟಿತು.

ಮರುದಿನ ಸಂಜೆ ನಾನೇ ಎಲ್ಲರಿಗಿಂತ ಮೊದಲು ಹೋಗಿ ತಗಡು ಹಾಸಿದೆ. ಮೈದಾನದ ಗೆರೆ ನಾನೇ ಬರೆದೆ, ಸೊಟ್ಟಗೆ. ನಟ್ಟುಗಳನ್ನು ಬೇಕೆಂದೇ ತಪ್ಪು ಜಾಗದಲ್ಲಿಟ್ಟೆ, ಅವನ ಕೈ ಸುಮ್ಮನಿರಲಾರದು ಎಂಬ ಆಸೆಯಿಂದ. ಮಾಸ್ತರರು ಬಂದರು, ಹೊಸಬ ಬಂದ. ಚಹಾ ಬಂತು. ಗೆಳೆಯ ಕೈಯೊರೆಸಿಕೊಂಡು ಬಂದು ಬೆಂಚಿಗೆ ಒರಗಿ ನಿಂತ.

"ಹೇಳಪಾ" ಎಂದೆ.

"ಏನ್ ಹೇಳೂದು? ಛಲೋ ಆಡಿದ್ರು" ಎಂದ. "ಹುಡುಗ್ರು ಭಾಳ ತ್ರಾಸ ತಗೊಂಡ್ರು. ನಸೀಬ ಇರಲಿಲ್ಲ ಅಷ್ಟ."

ಮಾಸ್ತರರು ಕೂಡ ತಲೆ ಎತ್ತಿ ನೋಡಿದರು. ನನಗೆ ಮೈಯೆಲ್ಲ ಉರಿದು ಹೋಯಿತು. ಬೇಕಾದರೆ ನನ್ನನ್ನಾದರೂ ಬೈಯಲಿ ಎಂದು, ಅವನಿಗೆ ಆಗದಿದ್ದ ಮಾತುಗಳನ್ನೆಲ್ಲ ಒಂದೊಂದಾಗಿ ತೆಗೆದೆ. ಡ್ರಾ ಮಾಡಿಕೊಂಡಿದ್ದರೆ ಸಾಕಾಗಿತ್ತು ಎಂದೆ. ಹನ್ನೊಂದೂ ಮಂದಿಯನ್ನು ಮೊದಲಿನಿಂದ ಗೋಲಿನ ಮುಂದೆ ನಿಲ್ಲಿಸಬೇಕಿತ್ತು, ಓಡುವ ಉಸಾಬರಿಯೇ ಬೇಡವಾಗಿತ್ತು ಎಂದೆ. ನಟ್ಟುಗಳನ್ನು ತಂದು ತಂದು ಗೋಲಿನ ಗೆರೆಯ ಮೇಲೆ ಸಾಲಾಗಿ ಇಟ್ಟೆ.

ಅವನು ಆ ಸಾಲನ್ನು ನೋಡಿದ. ಒಂದು ಕ್ಷಣ ಅವನ ಬೆರಳು ಮುಂದೆ ಬಂತು.

"ಇರಬಹುದು" ಎಂದ. "ನೀ ಹೇಳೂದೂ ಖರೇ ಇರಬಹುದು."

"ಇರಬಹುದು ಅಂದ್ರ? ಬೈಯೋ ಮಾರಾಯಾ!" ಎಂದು ನಾನು ಕಿರುಚಿದೆ. ಎದುರಿನ ಚಹಾದಂಗಡಿಯವನು ಇಣುಕಿ ನೋಡಿದ.

ಗೆಳೆಯ ನನ್ನನ್ನು ನೋಡಲಿಲ್ಲ. ಹೊಸಬನ ಕಡೆ ತಿರುಗಿ ನಕ್ಕ. "ಯಾಕ ಬೈಬೇಕು? ನಮ್ಮ ಟೀಮ್ ಐತಲ್ಲಾ."

"ಹಂಗ ಹೇಳ್ರಿ ಚಾಚಾ!" ಎಂದು ಹೊಸಬ ಅವನ ಬೆನ್ನಿಗೊಂದು ಖುಷಿಯ ಏಟು ಹಾಕಿದ. ಮುಂದಿನ ಸಲ ಗೆಲ್ಲುವುದು ಗ್ಯಾರಂಟಿ ಎಂದ. ಗೆಳೆಯನೂ ಗ್ಯಾರಂಟಿ ಎಂದ. ನಾನು ಚಹಾ ಅಲ್ಲೇ ಬಿಟ್ಟು ಹೊರಗೆ ಬಂದೆ. ಎಷ್ಟೋ ಸೋಲು ನೋಡಿದ್ದೇನೆ, ಅಳು ಬಂದದ್ದು ಅದೊಂದೇ ಸಲ. ಗಾಡಿಯ ಹತ್ತಿರ ನಿಂತು ಕಣ್ಣಿಗೆ ಧೂಳು ಬಿದ್ದವನಂತೆ ಮುಖ ಒರೆಸಿಕೊಂಡೆ.

ನಾವಿಬ್ಬರೂ ಇಂದಿಗೂ ಗೆಳೆಯರು. ಹಬ್ಬಕ್ಕೆ ಅವನ ಮನೆಯ ಶೀರಖುರ್ಮಾ ನನ್ನ ಮನೆಗೆ ಬರುತ್ತದೆ, ನಮ್ಮ ಮನೆಯ ಹೋಳಿಗೆ ಅವನಲ್ಲಿಗೆ ಹೋಗುತ್ತದೆ. ಆಮೇಲೆ ಯುರೋಪಿನವರ ಕಪ್ ಬಂತು, ದಕ್ಷಿಣ ಅಮೆರಿಕದವರದು ಬಂತು, ಪಂಚನಾಮೆ ಎಂದಿನಂತೆ ನಡೆಯಿತು. ಬ್ರೆಜಿಲ್ಲನ್ನು ಅವನು ಬೈದದ್ದು ಕೇಳಿ ಮಾಸ್ತರರು ಹೊಟ್ಟೆ ಹಿಡಿದುಕೊಂಡು ನಕ್ಕರು. ಜರ್ಮನಿ, ಇಂಗ್ಲೆಂಡು, ಯಾರನ್ನೂ ಬಿಡಲಿಲ್ಲ. ಕಣ್ಣು ಹಾಗೇ ಹೊಳೆಯುತ್ತದೆ, ಕಿವಿ ಹಾಗೇ ಕೆಂಪಾಗುತ್ತದೆ. ಭಾರತ ಆಡಿದ ದಿನ ಮಾತ್ರ ಆ ನೀಲಿ ಜರ್ಸಿ ಹಾಕಿಕೊಂಡು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾನೆ, ಸೋತರೂ ಚಪ್ಪಾಳೆ ತಟ್ಟುತ್ತಾನೆ.